ಹದಿನೇಳನೆಯ ಅಧ್ಯಾಯದ ಕೊನೆಯ ಮೂರು ಸಾಲು

ಪೆರ್ಲ
12 ಜೂನ್ 2003

ಶ್ರೀ ಹರಿನಾಥರಿಗೆ,

ನೀವು ಮಸ್ಕತ್ತಿಗೆ ಹೋಗಿ ಇಂದಿಗೆ ನಲವತ್ತೊಂದು ದಿನ. ನಿಮ್ಮ ಧಾರಾವಾಹಿ ‘ಚಂದ್ರನ ವಿಲ್ಲೇಜ್ ಆಫೀಸು’, ಮೊದಲ ಅಧ್ಯಾಯ ಸೋಮವಾರ ತಲುಪಿತು. ನಮ್ಮ ಲೈಬ್ರರಿಯ ಕೈಬರಹದ ‘ಗಡಿಕಲ್ಲು’ ಪತ್ರಿಕೆಯ ಈ ತಿಂಗಳ ಸಂಚಿಕೆಗೆ ನನ್ನ ಕೈಯಿಂದ ನಕಲು ಮಾಡಿ ಮುಗಿಸಿದೆ. ಯಾವಾಗಿನಂತೆ ಒಂದೇ ಪ್ರತಿ. ಲೈಬ್ರರಿಯ ಸದಸ್ಯರ ಮನೆಗಳಿಗೆ ಸರದಿಯ ಪ್ರಕಾರ ಹೋಗುತ್ತದೆ. ಓದಿದವರು ಅಭಿಪ್ರಾಯ ಬರೆಯಲು ಕೊನೆಯಲ್ಲಿ ನಾಲ್ಕು ಖಾಲಿ ಪುಟ ಬಿಟ್ಟಿದ್ದೇನೆ.

ಎರಡು ವಿಷಯ. ಚಂದ್ರ ಕರ್ನಾಟಕದಲ್ಲಿ ಹುಟ್ಟಿ, ನಮ್ಮ ಚೆಕ್‌ಪೋಸ್ಟಿನ ಮೇಲಿಂದ ಗಡಿ ದಾಟಿ ಕೇರಳದ ಸಮುದ್ರದಲ್ಲಿ ಮುಳುಗುವುದರಿಂದ ಅವನಿಗೆ ದಿನಾ ರಹದಾರಿ ಬೇಕು, ಆದ್ದರಿಂದಲೇ ಅಲ್ಲೊಂದು ವಿಲ್ಲೇಜ್ ಆಫೀಸು ತೆರೆದರು ಎಂಬುದು ಚೆನ್ನಾಗಿದೆ. ಅಮಾವಾಸ್ಯೆಯ ದಿನ ಅವನು ಕಾಣದೆ ದಾಟುತ್ತಾನಲ್ಲ, ಅದು ಕಳ್ಳಸಾಗಣೆಯೇ ಅಲ್ಲವೇ ಎಂದು ನೀವು ಹೇಳಿಲ್ಲ. ಇನ್ನೊಂದು, ಚಂದ್ರನ ಒಂದು ದಿನ ನಮ್ಮ ಇಪ್ಪತ್ತೊಂಬತ್ತೂವರೆ ದಿನ. ಗುಮಾಸ್ತ ಲೋಕನಾಥ ಊಟಕ್ಕೆ ಒಂದು ಗಂಟೆ ಹೋದರೆ ಅರ್ಜಿದಾರ ಇಪ್ಪತ್ತೊಂಬತ್ತೂವರೆ ಗಂಟೆ ಕಾಯಬೇಕು. ನೀವು ಮೂವತ್ತು ಎಂದು ಬರೆದಿದ್ದಿರಿ. ತಿದ್ದಿದ್ದೇನೆ.

ಮುಂದೆ ದಯವಿಟ್ಟು ಅಧ್ಯಾಯವನ್ನು ಗೆರೆ ಹಾಕಿದ ಕಾಗದದಲ್ಲಿ ಬರೆಯಿರಿ, ನನಗೆ ಬರೆಯುವುದನ್ನು ಗೆರೆಯಿಲ್ಲದ ಬಿಳಿ ಕಾಗದದಲ್ಲಿ. ಈ ಸಲ ಎರಡೂ ಸೇರಿಹೋಗಿದ್ದವು. ‘ಇಲ್ಲಿ ಸೆಕೆ ತಡೆಯುವುದಿಲ್ಲ’ ಎಂಬ ಮಾತು ಚಂದ್ರನದ್ದೋ ಮಸ್ಕತ್ತಿನದ್ದೋ ಗೊತ್ತಾಗದೆ ಎರಡು ದಿನ ನಕಲು ನಿಲ್ಲಿಸಿದ್ದೆ. ಕೊನೆಗೆ ಚಂದ್ರನಿಗೆ ಸೇರಿಸಿದೆ.

ಲೈಬ್ರರಿಯ ಸಮಯ ಸಂಜೆ ನಾಲ್ಕರಿಂದ ಎಂಟು. ಬದಲಾಗಿಲ್ಲ.

ಪಂಕಜಾಕ್ಷಿ


ಮಸ್ಕತ್
30 ಜುಲೈ 2003

ಪಂಕಜಾಕ್ಷಿಯವರೇ,

ಬಿಳಿ ಕಾಗದ, ಗಮನಿಸಿ.

ಆ ಸೆಕೆ ಮಸ್ಕತ್ತಿನದ್ದೇ. ಪರವಾಗಿಲ್ಲ, ಚಂದ್ರನ ಪಾಲಿಗೇ ಇರಲಿ, ಇಲ್ಲಿ ಅಷ್ಟಾದರೂ ಕಡಿಮೆಯಾದೀತು. ನನ್ನ ಕೆಲಸ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ, ಮೋಟಾರುಗಳ ಉಸ್ತುವಾರಿ. ಪೆರ್ಲದ ಅಂಗಡಿಯಲ್ಲಿ ಕೂತು ತೋಟದ ಪಂಪು ರಿಪೇರಿ ಮಾಡುತ್ತಿದ್ದವನಿಗೆ ಇಲ್ಲಿ ಸಮುದ್ರದ ಪಂಪು. ನೀರಿನಿಂದ ಉಪ್ಪು ತೆಗೆಯುತ್ತೇವೆ. ತೆಗೆದ ಉಪ್ಪನ್ನು ವಾಪಸು ಸಮುದ್ರಕ್ಕೇ ಬಿಡುತ್ತೇವೆ. ಮರುದಿನ ಅದನ್ನೇ ತೆಗೆಯುತ್ತೇವೆ. ಇದು ನಾನು ಕಟ್ಟಿದ ಕಥೆಯಲ್ಲ.

ರೂಮಿನಲ್ಲಿ ನಾವು ಐದು ಜನ. ಪಕ್ಕದ ಮಂಚದವನು ಕುಂಬಳೆಯ ಉನೈಸ್. ನಿನ್ನೆ ಕೇಳಿದ, “ನೀನು ಬರಿಯುದು ಕಥೆಯಾ ಕಾಗದವಾ? ಎರಡಕ್ಕೂ ಒಂದೇ ಮುಖ ಉಂಟಲ್ಲ ಮಾರಾಯ.” ಕಥೆ ಎಂದೆ. “ಹಾಗಾದ್ರೆ ಯಾಕೆ ಪ್ರತಿ ಸಾಲಿಗೂ ಹೆದರ್ತಿ?” ಎಂದ. ನಿಮ್ಮ ಕೆಂಪು ಪೆನ್ನಿನ ಬಗ್ಗೆ ಅವನಿಗೆ ಗೊತ್ತಿಲ್ಲ.

ಲೈಬ್ರರಿಯ ಪಡುವಣ ಕಿಟಕಿಯ ಕೊಕ್ಕೆ ಸರಿ ಮಾಡಿಕೊಡುತ್ತೇನೆಂದು ಹೇಳಿ ಹಾಗೇ ಹೊರಟುಬಂದೆ. ಯಾರಾದರೂ ಮಾಡಿದರೇ?

ಎರಡನೇ ಅಧ್ಯಾಯ ಗೆರೆ ಕಾಗದದಲ್ಲಿ ಉಂಟು. ಅಮಾವಾಸ್ಯೆಯ ಕಳ್ಳಸಾಗಣೆ ಅದರಲ್ಲಿ ಬರುತ್ತದೆ.

ಹರಿನಾಥ


ಪೆರ್ಲ
14 ಜನವರಿ 2004

ಶ್ರೀ ಹರಿನಾಥರಿಗೆ,

ಆರನೆಯ ಅಧ್ಯಾಯದವರೆಗೆ ಎಲ್ಲವೂ ಸುತ್ತಿ ಬಂದಿವೆ. ಅಭಿಪ್ರಾಯದ ಪುಟಗಳಿಂದ ಮುಖ್ಯವಾದದ್ದನ್ನು ತಿಳಿಸುತ್ತೇನೆ.

ವಿಲ್ಲೇಜ್ ಆಫೀಸಿನಿಂದ ನಿವೃತ್ತರಾದ ಶಿವಸುಬ್ರಹ್ಮಣ್ಯರು ಒಂದೂವರೆ ಪುಟ ಬರೆದಿದ್ದಾರೆ. ಭೂತೆರಿಗೆಯ ರಶೀದಿ ಇಲ್ಲದೆ ಲೋಕನಾಥ ಹುಟ್ಟುವಳಿಯ, ಅಂದರೆ ಆದಾಯದ, ಸರ್ಟಿಫಿಕೇಟ್ ಕೊಟ್ಟದ್ದು ನಿಯಮಬಾಹಿರ, ಚಂದ್ರನಲ್ಲಿ ಹುಟ್ಟುವಳಿ ಏನೂ ಇಲ್ಲ ಎಂಬುದು ಸಮರ್ಥನೆಯಾಗುವುದಿಲ್ಲ ಎಂದು. ಕೆಳಗೆ ಬೇರೆ ಶಾಯಿಯಲ್ಲಿ, ‘ಮುಂದೇನಾಯಿತು?’ ಎಂದೂ ಕೇಳಿದ್ದಾರೆ.

ಹವ್ವಮ್ಮ ನಿಮಗೆ ನೆನಪಿರಬಹುದು, ಪೇಟೆಯ ಬಟ್ಟೆ ಅಂಗಡಿಯವರು, ಪ್ರತಿ ಶುಕ್ರವಾರ ಎರಡು ಪುಸ್ತಕ ಒಯ್ಯುತ್ತಾರೆ. ಪುಸ್ತಕ ಕೊಡುವವರೆಲ್ಲ ಅವರಿಗೆ ಟೀಚರು. “ಟೀಚರೇ, ನಿಮ್ಮ ಹರಿನಾಥ ಚಂದ್ರನ ಮೇಲೆ ಕೂತು ಬರಿಯುದು ಪೆರ್ಲದ್ದೇ ಅಲ್ವಾ? ಚಂದ್ರನದ್ದು ಎಂತ ಉಂಟು ಇದರಲ್ಲಿ?” ಎಂದರು. ‘ನಿಮ್ಮ’ ಎಂಬ ಮಾತು ಅವರದ್ದು.

ನಾನು ಅನುವಾದವಾದ ಕಾದಂಬರಿಗಳನ್ನೇ ಯಾಕೆ ಓದುತ್ತೇನೆ ಎಂದು ಕೇಳಿದ್ದಿರಿ. ಆ ಪುಸ್ತಕದ ಜನ ಯಾರೂ ನನ್ನನ್ನು ನೋಡಿ ಮಾತಾಡುತ್ತಿರುವುದಿಲ್ಲ. ಹಿಮದ ಊರಿನವರು ಹಿಮದ ಊರಿನವರಿಗೆ ಹೇಳಿದ್ದು, ನಡುವೆ ಒಬ್ಬರು ನಿಂತು ಅದನ್ನು ನನಗೆ ದಾಟಿಸುತ್ತಾರೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಹಾಗೆ. ಉತ್ತರ ಕೊಡಬೇಕಾದ ಭಯವಿಲ್ಲ.

ಕೊಕ್ಕೆಯನ್ನು ಯಾರೂ ಮಾಡಿಲ್ಲ. ಸದ್ಯಕ್ಕೆ ಹುರಿಯಿಂದ ಕಟ್ಟಿದ್ದೇನೆ.

ಪಂಕಜಾಕ್ಷಿ


ಮಸ್ಕತ್
20 ಫೆಬ್ರವರಿ 2005

ಪಂಕಜಾಕ್ಷಿಯವರೇ,

ಎರಡು ವರ್ಷ ತುಂಬುತ್ತದೆ, ಮೇ ತಿಂಗಳಲ್ಲಿ ಎರಡು ತಿಂಗಳ ರಜೆ ಸಿಗುತ್ತದೆ. ತಾರೀಕು ನಾನೇ ಬರೆದುಕೊಡಬೇಕು. ಇನ್ನೂ ಕೊಟ್ಟಿಲ್ಲ.

ಹದಿನೇಳನೆಯ ಅಧ್ಯಾಯ ಇದರೊಂದಿಗೆ ಉಂಟು. ಸಣ್ಣದು. ಇದನ್ನು ಆರು ಸಲ ಬರೆದು ಹರಿದೆ. ಓದಿ, ನಿಮಗೆ ಅನಿಸಿದ್ದನ್ನು ಬರೆಯಿರಿ. ಅದು ಬಂದ ಮೇಲೆ ರಜೆಯ ಅರ್ಜಿ ಕೊಡುತ್ತೇನೆ.

ಹರಿನಾಥ

(ಗೆರೆ ಹಾಕಿದ ಕಾಗದದಲ್ಲಿ)

ಅಧ್ಯಾಯ ಹದಿನೇಳು

ಚಂದ್ರನ ಎಲ್ಲ ನಿವಾಸಿಗಳ ಪಟ್ಟಿ ಕೂಡಲೇ ಕಳಿಸಬೇಕೆಂದು ಸರ್ಕಾರದಿಂದ ಆದೇಶ ಬಂತು. ನಿವಾಸಿ ಎಂದರೆ ಗುಮಾಸ್ತ ಲೋಕನಾಥ ಒಬ್ಬನೇ. ಅವನೇ ಅರ್ಜಿ ತುಂಬಿದ, ಅವನೇ ಸಾಕ್ಷಿ ಹಾಕಿದ, ಕಿಂಡಿಯ ಹೊರಗೆ ಹೋಗಿ ನಿಂತು ಸರದಿ ಬಂದಾಗ ಒಳಗೆ ಓಡಿಬಂದು ಅವನೇ ತೆಗೆದುಕೊಂಡ. ‘ಕುಟುಂಬದ ಇತರ ಸದಸ್ಯರು’ ಎಂಬ ಕಾಲಮಿನಲ್ಲಿ ಪೆನ್ನು ನಿಂತಿತು.

ಆಫೀಸಿನಲ್ಲಿ ಒಂದು ದುರ್ಬೀನು ಉಂಟು, ಗಡಿಕಲ್ಲು ಎಣಿಸುವುದಕ್ಕೆ ಕೊಟ್ಟದ್ದು. ಅದರಲ್ಲಿ ಅವನು ಬೇರೆ ಏನನ್ನೋ ನೋಡುತ್ತಾನೆ. ಭೂಮಿಯ ಮೇಲೆ ಒಂದು ಲೈಬ್ರರಿ. ಹುರಿಯಲ್ಲಿ ಕಟ್ಟಿದ ಕಿಟಕಿ. ಹರಿದ ಪುಸ್ತಕಗಳಿಗೆ ಮೈದಾ ಅಂಟು ಹಚ್ಚುತ್ತ ಕೂತ ಒಬ್ಬರು. ಹುಳ ಹಿಡಿಯದ ಹಾಗೆ ಅಂಟಿಗೆ ಮೈಲುತುತ್ತು ಹಾಕಿರುತ್ತಾರೆ, ಅವರ ಬಲಗೈಯ ಕಿರುಬೆರಳು ನೀಲಿ. ಅವರು ಅಂಟು ಒಣಗುವವರೆಗೆ ಪುಟವನ್ನು ಹಿಡಿದುಕೊಂಡೇ ಇರುತ್ತಾರೆ. ಆ ಹೊತ್ತಿನಲ್ಲಿ ಅವರು ಓದುವುದಿಲ್ಲ, ಯಾರೊಂದಿಗೂ ಮಾತಾಡುವುದಿಲ್ಲ, ಕಿಟಕಿಯ ಹೊರಗೆ ನೋಡುತ್ತಾರೆ. ಆಗ ಲೋಕನಾಥ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾನೆ.

ಸರ್ಕಾರದ ದುರ್ಬೀನನ್ನು ಸ್ವಂತಕ್ಕೆ ಬಳಸಿದ್ದಕ್ಕೆ ಅವನು ತನಗೇ ನೋಟೀಸು ಕೊಟ್ಟುಕೊಂಡ. ಸಮಜಾಯಿಷಿ ಬರೆದ. ಸಮಾಧಾನಕರವಲ್ಲ ಎಂದು ತಿರಸ್ಕರಿಸಿದ. ಕಾಲಮು ಮಾತ್ರ ಹಾಗೇ ಉಳಿಯಿತು. ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ. ತುಂಬಿದರೆ ಸುಳ್ಳು ಹೇಳಿಕೆ.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.
ಇಲ್ಲಿ ನಿಮ್ಮ ಹೆಸರು ಬರೆಯಬಹುದೇ?
ಉತ್ತರ ಬರುವವರೆಗೆ ಆಫೀಸು ತೆರೆದಿರುತ್ತದೆ.


ಪೆರ್ಲ
28 ಮಾರ್ಚ್ 2005

ಶ್ರೀ ಹರಿನಾಥರಿಗೆ,

ಹದಿನೇಳನೆಯ ಅಧ್ಯಾಯ ನಕಲಾಗಿ ಈ ತಿಂಗಳ ಸಂಚಿಕೆಯಲ್ಲಿ ಹೊರಟಿದೆ. ಈವರೆಗಿನದರಲ್ಲಿ ಇದು ಉತ್ತಮ. ತನಗೆ ತಾನೇ ನೋಟೀಸು ಕೊಟ್ಟುಕೊಳ್ಳುವ ಭಾಗಕ್ಕೆ ಶಿವಸುಬ್ರಹ್ಮಣ್ಯರು ‘ಕ್ರಮಬದ್ಧ’ ಎಂದು ಬರೆದಿದ್ದಾರೆ. ಅವರಿಂದ ಇದು ಮೊದಲ ಪ್ರಶಂಸೆ.

ಎರಡು ತಿದ್ದುಪಡಿ. ಅಂಟು ಹಚ್ಚುವವರು ಬಲಗೈಯಲ್ಲಿ ಕುಂಚ ಹಿಡಿಯುತ್ತಾರೆ, ಎಡಗೈಯಲ್ಲಿ ಪುಟ. ನೀಲಿಯಾಗುವುದು ಎಡಗೈಯ ಬೆರಳು. ಸರಿಪಡಿಸಿದ್ದೇನೆ. ಕೊನೆಯ ಮೂರು ಸಾಲುಗಳನ್ನು ಬಿಟ್ಟಿದ್ದೇನೆ. ಹದಿನಾರು ಅಧ್ಯಾಯ ತಮಾಷೆಯಾಗಿ ಮಾತಾಡಿದ ಮನುಷ್ಯ ಒಮ್ಮೆಲೇ ಹೀಗೆ ಕೇಳಿದರೆ ಓದುವವರಿಗೆ ನಂಬುವುದು ಕಷ್ಟ. ತಮಾಷೆಯೋ ನಿಜವೋ ತಿಳಿಯುವುದಿಲ್ಲ.

ಹವ್ವಮ್ಮ ನಿನ್ನೆ ಸಂಚಿಕೆ ವಾಪಸು ತಂದರು. “ಎಂತ ಟೀಚರೇ ಇವ! ಬೆರಳು ನೋಡಿದ, ಕಿಟಕಿ ನೋಡಿದ, ಅಂಗಿ ಗುಂಡಿ ಸಮ ಮಾಡಿದ, ಕೊನೆಗೆ ಎಂತದೂ ಕೇಳ್ಳೇ ಇಲ್ವಲ್ಲ! ನಮ್ಮ ಮನೆಯವರು ದುಬೈಯಿಂದ ಕ್ಯಾಸೆಟಿನಲ್ಲಿ ಮಾತಾಡಿ ಕಳಿಸ್ತಿದ್ರು. ಇವನಿಗೆ ಅಷ್ಟೂ ಗೊತ್ತಿಲ್ಲ.” ಚಂದ್ರನಲ್ಲಿ ಗಾಳಿಯಿಲ್ಲ, ಕ್ಯಾಸೆಟಿನಲ್ಲಿ ಧ್ವನಿ ಮೂಡುವುದಿಲ್ಲ ಎಂದು ಅವರಿಗೆ ವಿವರಿಸಿದೆ. “ನಿಮ್ಮತ್ರ ಮಾತಾಡಿ ಪ್ರಯೋಜನ ಇಲ್ಲ” ಎಂದು ಹೋದರು.

ರಜೆಯ ತಾರೀಕು ತಿಳಿಸಿರಿ. ಮೇ ಸಂಚಿಕೆಯ ಕೆಲಸ ಹೊಂದಿಸಿಕೊಳ್ಳಲು ಬೇಕಾಗುತ್ತದೆ.

ಪಂಕಜಾಕ್ಷಿ


ಮಸ್ಕತ್
2 ಮೇ 2005

ಪಂಕಜಾಕ್ಷಿಯವರೇ,

ನೀವು ಹೇಳಿದ್ದು ಸರಿ. ಆ ಮೂರು ಸಾಲು ಬೇಡವಾಗಿತ್ತು. ನಿಮ್ಮ ತಿದ್ದುಪಡಿ ಯಾವತ್ತೂ ಸರಿಯೇ ಇರುತ್ತದೆ.

ಈ ವರ್ಷ ರಜೆ ತೆಗೆದುಕೊಳ್ಳುವುದಿಲ್ಲ. ನನ್ನ ಬದಲಿಗೆ ಉನೈಸ್ ಹೋಗುತ್ತಾನೆ, ಅವನಿಗೆ ಮಗಳು ಹುಟ್ಟಿದ್ದಾಳೆ.

ಹದಿನೆಂಟನೆಯದು ಕೊನೆಯ ಅಧ್ಯಾಯ. ಇದರೊಂದಿಗೆ ಉಂಟು. ನೌಕರರಿಲ್ಲದ ಕಾರಣ ಆಫೀಸನ್ನು ಮುಚ್ಚಲಾಗಿದೆ ಎಂದು ಬೋರ್ಡು ಹಾಕುತ್ತಾರೆ, ಬೋರ್ಡು ಹಾಕಲು ಒಬ್ಬ ನೌಕರನನ್ನು ನೇಮಿಸುತ್ತಾರೆ. ನಗು ಬಂದರೆ ಒಳ್ಳೆಯದು.

ಹರಿನಾಥ


ಪೆರ್ಲ
9 ಫೆಬ್ರವರಿ 2006

ಶ್ರೀ ಹರಿನಾಥರಿಗೆ,

ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರಿನಲ್ಲಿ ಬರೆದ ಕಾಗದಗಳು ತಲುಪಿರಬಹುದೆಂದು ಭಾವಿಸುತ್ತೇನೆ. ಹೊಸದೊಂದು ಧಾರಾವಾಹಿ ಬರೆಯುವಿರಾ ಎಂದು ಸದಸ್ಯರು ಕೇಳುತ್ತಾರೆ. ಈಗ ‘ಗಡಿಕಲ್ಲಿ’ನಲ್ಲಿ ಅಡುಗೆ ಮತ್ತು ಪ್ರವಾಸದ ಬರಹಗಳು ಬರುತ್ತಿವೆ. ಅಭಿಪ್ರಾಯದ ಪುಟಗಳು ಖಾಲಿಯಾಗಿ ವಾಪಸು ಬರುತ್ತವೆ.

ನಿಮ್ಮ ಹದಿನೆಂಟೂ ಅಧ್ಯಾಯಗಳ ಮೂಲಪ್ರತಿ ನನ್ನ ಮೇಜಿನ ಎಡ ಖಾನೆಯಲ್ಲಿ ಇದೆ. ನಕಲು ಮಾಡಿದ ಮೇಲೆ ಮೂಲವನ್ನು ಹರಿಯುವುದು ವಾಡಿಕೆ. ಹರಿದಿಲ್ಲ.

ಪಂಕಜಾಕ್ಷಿ


ಮಸ್ಕತ್
11 ಅಕ್ಟೋಬರ್ 2009

ಪಂಕಜಾಕ್ಷಿಯವರೇ,

ಉನೈಸ್ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕುಂಚಗಳ ಒಂದು ಕಟ್ಟು ಕಳಿಸಿದ್ದೇನೆ. ಇಲ್ಲಿಯ ಅಂಗಡಿಯಲ್ಲಿ ಕಂಡೆ. ಕೂದಲು ಉದುರದ ಜಾತಿ, ಅಂಟಿಗೆ ಒಳ್ಳೆಯದು.

ಬರೆಯುವುದು ನಿಂತಿದೆ. ನಗುವ ಮಾತು ಬಾಯಿಗೆ ಬರುತ್ತದೆ, ರೂಮಿನವರು ನಗುತ್ತಾರೆ, ಕಾಗದದ ಎದುರು ಕೂತರೆ ಬರುವುದಿಲ್ಲ. ಎರಡು ಸಲ ಊರಿಗೆ ಬಂದಿದ್ದೆ. ಪೆರ್ಲದ ಕಡೆಗೆ ಬರಲು ಆಗಲಿಲ್ಲ.

ಹರಿನಾಥ


ಪೆರ್ಲ
3 ನವೆಂಬರ್ 2009

ಶ್ರೀ ಹರಿನಾಥರಿಗೆ,

ಹನ್ನೆರಡು ಕುಂಚ ತಲುಪಿದವು. ಒಂದನ್ನು ಬಳಸುತ್ತಿದ್ದೇನೆ.

ಊರಿಗೆ ಬಂದಿದ್ದಿರೆಂದು ಗೊತ್ತಿರಲಿಲ್ಲ. ಎರಡು ಸಲ ಎಂದು ಬರೆದಿದ್ದೀರಿ. ಯಾವ ತಿಂಗಳುಗಳು ಎಂದು ತಿಳಿಸಿದರೆ ಉಪಕಾರವಾಗುತ್ತಿತ್ತು. ಬೇರೆ ಕಾರಣವಿಲ್ಲ.

ಪಂಕಜಾಕ್ಷಿ


ಪೆರ್ಲ
21 ಜುಲೈ 2019

ಶ್ರೀ ಹರಿನಾಥರಿಗೆ,

ನೀವು ಕಳೆದ ವರ್ಷವೇ ಮಸ್ಕತ್ ಬಿಟ್ಟು ಬಂದು ಸೀತಾಂಗೋಳಿಯಲ್ಲಿ ನೀರಿನ ಫಿಲ್ಟರಿನ ಅಂಗಡಿ ತೆರೆದಿದ್ದೀರೆಂದು ಹವ್ವಮ್ಮನವರಿಂದ ತಿಳಿಯಿತು. ವಿಳಾಸ ಅವರು ಕೊಟ್ಟದ್ದು. ಫೋನ್ ನಂಬರೂ ಕೊಟ್ಟರು. ಕಾಗದವೇ ಸರಿಯೆನಿಸಿತು.

ಲೈಬ್ರರಿಯ ವಾರ್ಷಿಕೋತ್ಸವಕ್ಕೆ ‘ಚಂದ್ರನ ವಿಲ್ಲೇಜ್ ಆಫೀಸು’ ಪುಸ್ತಕವಾಗಿ ಅಚ್ಚಾಗಬೇಕೆಂದು ಕಮಿಟಿ ತೀರ್ಮಾನಿಸಿದೆ. ಹವ್ವಮ್ಮನವರ ಮಗಳು ಶಿಬಿಲಾ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾಳೆ. ನಿಮ್ಮ ಒಪ್ಪಿಗೆ ಬೇಕು. ಶಿವಸುಬ್ರಹ್ಮಣ್ಯರು ನೋಡಲು ಇರಬೇಕಿತ್ತು. ತೀರಿಕೊಂಡು ಆರು ವರ್ಷವಾಯಿತು. ಅವರ ಆಕ್ಷೇಪಗಳನ್ನು ಅಡಿಟಿಪ್ಪಣಿಯಾಗಿ ಕೊಡುವ ಯೋಚನೆ ಇದೆ.

ಪಂಕಜಾಕ್ಷಿ


ಸೀತಾಂಗೋಳಿ
26 ಆಗಸ್ಟ್ 2019

ಪಂಕಜಾಕ್ಷಿಯವರೇ,

ಒಪ್ಪಿಗೆ ಉಂಟು. ಅಡಿಟಿಪ್ಪಣಿ ಖಂಡಿತ ಬೇಕು, ಅವರಿಲ್ಲದೆ ಆ ಆಫೀಸು ನಡೆಯುತ್ತಿರಲಿಲ್ಲ.

ಒಂದು ಕೋರಿಕೆ. ಹದಿನೇಳನೆಯ ಅಧ್ಯಾಯವನ್ನು ಬಿಟ್ಟುಬಿಡಿ. ಹದಿನಾರರಿಂದ ಹದಿನೆಂಟಕ್ಕೆ ಹೋದರೂ ಕಥೆಗೆ ಏನೂ ಆಗುವುದಿಲ್ಲ.

ಹರಿನಾಥ


ಪೆರ್ಲ
10 ಸೆಪ್ಟೆಂಬರ್ 2019

ಶ್ರೀ ಹರಿನಾಥರಿಗೆ,

ಹದಿನೇಳನೆಯದು ಇಡೀ ಕಥೆಯಲ್ಲಿ ಉತ್ತಮ ಅಧ್ಯಾಯ. ಆಗಲೇ ಬರೆದಿದ್ದೆ. ಬಿಡಲು ಕಾರಣ ಬೇಕು.

ಚಂದ್ರನಲ್ಲಿ ಇಳಿಯಬೇಕಿದ್ದ ನಮ್ಮ ನೌಕೆಯ ಸಂಪರ್ಕ ಮೊನ್ನೆ ಕಡಿದುಹೋದ ಸುದ್ದಿ ಓದಿರಬಹುದು. ಶಿಬಿಲಾ ಟೈಪು ಮಾಡುತ್ತ, “ಎಂತ ಬೇಜಾರು ಟೀಚರ್, ಲೋಕನಾಥ ಊಟಕ್ಕೆ ಹೋಗಿರ್ಬೇಕು. ಇಪ್ಪತ್ತೊಂಬತ್ತೂವರೆ ಗಂಟೆ ಕಾದು ನೋಡುವ” ಎಂದಳು. ನಾನು ತುಂಬಾ ದಿನದ ಮೇಲೆ ನಕ್ಕೆ. ಆಮೇಲೆ ಕಾದೂ ನೋಡಿದೆ.

ಪಂಕಜಾಕ್ಷಿ


ಸೀತಾಂಗೋಳಿ
18 ಸೆಪ್ಟೆಂಬರ್ 2019

ಪಂಕಜಾಕ್ಷಿಯವರೇ,

ಕಾರಣ ಕೇಳಿದ್ದೀರಿ. ಈಗ ನನಗೆ ಐವತ್ತೊಂದು, ಹೇಳಲು ತೊಂದರೆಯಿಲ್ಲ.

ಅದು ಅಧ್ಯಾಯ ಆಗಿರಲಿಲ್ಲ. ಬಿಳಿ ಕಾಗದದಲ್ಲಿ ಬರೆಯಬೇಕಾದದ್ದನ್ನು ಧೈರ್ಯ ಸಾಲದೆ ಗೆರೆ ಕಾಗದದಲ್ಲಿ ಬರೆದೆ. ನಿಮಗೆ ಇಷ್ಟವಿಲ್ಲದಿದ್ದರೆ ಅದು ಕಥೆ ಎಂದು ನಾವಿಬ್ಬರೂ ಹೇಳಿಕೊಳ್ಳಬಹುದಿತ್ತು. ನೀವು ಹಾಗೇ ಮಾಡಿದಿರಿ. ಉಳಿದದ್ದನ್ನೆಲ್ಲ ಇಟ್ಟುಕೊಂಡು ಸರಿಯಾಗಿ ಆ ಮೂರು ಸಾಲು ತೆಗೆದಿರಿ. ಅದಕ್ಕಿಂತ ಮರ್ಯಾದೆಯಾಗಿ ಬೇಡ ಎನ್ನಲು ಯಾರಿಗೂ ಸಾಧ್ಯವಿಲ್ಲ. ಆ ಕಾಗದ ಓದಿದ ದಿನ ಉನೈಸ್ ಕೇಳಿದ, “ಎಂತ ಅಂತೆ?” ಎಡಗೈ ಅಂತೆ ಎಂದೆ.

ನಿಮ್ಮ ಮೇಲೆ ಬೇಸರವಿಲ್ಲ. ಆ ಅಧ್ಯಾಯವನ್ನು ಊರಿನವರೆಲ್ಲ ಕಥೆಯೆಂದು ಮತ್ತೊಮ್ಮೆ ಓದುವುದು ಮಾತ್ರ ಬೇಡ.

ಅಂಗಡಿ ಒಂಬತ್ತರಿಂದ ಆರು. ಒಬ್ಬನೇ ಇದ್ದೇನೆ, ಗಿರಾಕಿಯೂ ನಾನೇ ಎನ್ನುವ ಹಾಗೆ.

ಹರಿನಾಥ


ಪೆರ್ಲ
28 ಸೆಪ್ಟೆಂಬರ್ 2019

ಹರಿನಾಥ,

ಇದು ಬಿಳಿ ಕಾಗದ.

ಗೊತ್ತಿರಲಿಲ್ಲ ಎಂದು ಬರೆದರೆ ಅರ್ಧ ನಿಜ. ಗೆರೆ ಕಾಗದ ನೋಡಿ ಕಥೆ ಎಂದುಕೊಂಡೆ, ನಿಯಮ ನಾನೇ ಮಾಡಿದ್ದು. ನೀಲಿ ಬೆರಳಿನ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿಕೊಂಡೆ. ಎಡಗೈ ನೀಲಿಯಾಗಿತ್ತು. ನೀವು ಬಲಗೈ ಎಂದು ಬರೆದಿದ್ದಿರಿ. ಹಾಗಾದರೆ ಇದು ನಾನಲ್ಲ ಎಂದು ಹೇಳಿಕೊಳ್ಳಲು ನನಗೆ ಅಷ್ಟು ಸಾಕಾಯಿತು. ನೀವು ಮೇಜಿನ ಎದುರುಗಡೆ ಕೂತು ನೋಡುತ್ತಿದ್ದವರು, ಎದುರಿನಿಂದ ನೋಡುವವರಿಗೆ ಎಡ ಬಲ ತಪ್ಪುವುದು ಸಹಜ ಎಂದು ಆ ದಿನವೇ ಹೊಳೆದಿತ್ತು. ಆದರೂ ತಿದ್ದಿದೆ.

ಮೂರು ಸಾಲು ತೆಗೆದದ್ದು ಬೇಡ ಎಂದಲ್ಲ. ಆ ಪ್ರಶ್ನೆ ನನ್ನ ಕೈಬರಹದಲ್ಲಿ ಮನೆ ಮನೆಗೆ ಹೋಗುವುದನ್ನು ನೆನೆದರೆ ಕೈ ಓಡಲಿಲ್ಲ. ಅದು ಕಥೆಯಾಗಿದ್ದರೆ ಕೆಟ್ಟ ಸಾಲು. ಕಾಗದವಾಗಿದ್ದರೆ ನೀವು ರಜೆಯಲ್ಲಿ ಬಂದು ನಿಂತು ಕೇಳುತ್ತೀರಿ ಎಂದುಕೊಂಡೆ. ತಾರೀಕು ತಿಳಿಸಿರಿ ಎಂದು ಬರೆದದ್ದು ಸಂಚಿಕೆಯ ಕೆಲಸಕ್ಕಲ್ಲ. ಆ ಮೇ ತಿಂಗಳು ಪೂರ್ತಿ ಲೈಬ್ರರಿಯನ್ನು ಮೂರು ಗಂಟೆಗೇ ತೆರೆದೆ.

ಹದಿನೈದು ವರ್ಷದ ಹಿಂದೆ ಉತ್ತರ ಕೊಡಬೇಕಾದ ಭಯದ ಬಗ್ಗೆ ನಿಮಗೆ ಬರೆದಿದ್ದೆ. ನೀವು ಅದನ್ನು ಓದಿಯೂ ಕೇಳಿದಿರಿ. ನಾನು ನಿಮ್ಮ ಪ್ರಶ್ನೆ ಓದಿಯೂ ಬಾಗಿಲ ಹೊರಗೇ ನಿಂತೆ.

ನಿನ್ನೆ 2005ರ ಮಾರ್ಚ್ ಸಂಚಿಕೆಯನ್ನು ತೆಗೆದು ನೋಡಿದೆ. ಅಧ್ಯಾಯ ಮುಗಿಯುವಲ್ಲಿ ಮೂರು ಗೆರೆಯಷ್ಟು ಜಾಗ ಖಾಲಿ ಇದೆ. ಮುಂದಿನ ಬರಹವನ್ನು ಅದರ ಕೆಳಗಿನಿಂದ ಶುರುಮಾಡಿದ್ದೇನೆ. ಬೇರೆ ಯಾವ ಸಂಚಿಕೆಯಲ್ಲೂ ನಾನು ಜಾಗ ವ್ಯರ್ಥ ಮಾಡಿಲ್ಲ. ಶಿಬಿಲಾ ಕೇಳಿದಳು, “ಇಲ್ಲಿ ಎಂತ ಬಿಟ್ಟುಹೋಗಿದೆ ಟೀಚರ್?” ಅವಳ ತಾಯಿ ಪಕ್ಕದಲ್ಲೇ ಇದ್ದರು. “ಅದನ್ನು ಕೇಳ್ಬೇಡ, ಅವರಿಗೆ ಗೊತ್ತುಂಟು” ಎಂದರು.

ಇನ್ನೊಂದು ವಿಷಯ. ಪಡುವಣ ಕಿಟಕಿಯ ಕೊಕ್ಕೆ ಇನ್ನೂ ಸರಿಯಾಗಿಲ್ಲ. ಹದಿನಾರು ವರ್ಷದಲ್ಲಿ ಹುರಿಯನ್ನು ಎಷ್ಟೋ ಸಲ ಬದಲಾಯಿಸಿದೆ. ಪೆರ್ಲದಲ್ಲಿ ಬಡಗಿಗಳಿಗೆ ಕೊರತೆಯಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಲೈಬ್ರರಿಗೆ ರಜೆ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದ ಬಸ್ಸಿನಲ್ಲಿ ಬದಿಯಡ್ಕಕ್ಕೆ ಹೋಗಿ, ಅಲ್ಲಿಂದ ಕುಂಬಳೆಯ ಬಸ್ಸು ಹಿಡಿದು ಸೀತಾಂಗೋಳಿಯಲ್ಲಿ ಇಳಿಯುತ್ತೇನೆ. ಕಾಗದವನ್ನೂ ಮಾರ್ಚ್ ಸಂಚಿಕೆಯನ್ನೂ ಕೈಯಲ್ಲೇ ತರುತ್ತೇನೆ. ಸಂಚಿಕೆಯನ್ನು ನನ್ನ ಹೆಸರಿಗೆ ಎರವಲು ಬರೆದಾಯಿತು. ಆ ಮೂರು ಸಾಲನ್ನು ಈ ಸಲ ನಿಮ್ಮ ಅಕ್ಷರದಲ್ಲಿ ನೀವೇ ಬರೆಯಬೇಕು. ಅದರ ಕೆಳಗೆ ಒಂದು ಸಾಲಿಗೆ ಅಂಚಿನಲ್ಲಿ ಜಾಗ ಸಿಗುತ್ತದೆ, ಅಳತೆ ಮಾಡಿ ನೋಡಿದೆ. ಅದು ನನ್ನದು. ಏನು ಬರೆಯಬೇಕೆಂದು ತೀರ್ಮಾನಿಸಿದ್ದೇನೆ.

ಆಫೀಸು ತೆರೆದಿದೆಯೇ ಎಂದು ಮೊದಲೇ ಫೋನು ಮಾಡಿ ಕೇಳಬಹುದು. ಕೇಳುವುದಿಲ್ಲ.

ಇವತ್ತು ಇನ್ನೂ ಶನಿವಾರ.

ಪಂಕಜಾಕ್ಷಿ